ಹತ್ತಕ್ಕೆ ನಾಲ್ಕು ಕೊಡುವ ಅತ್ತೆ

ನಮ್ಮ ಅತ್ತೆಯ ಮುಂದೆ ನಾಳೆ ಬೆಳಿಗ್ಗೆ ದೇವರೇ ಪ್ರತ್ಯಕ್ಷನಾದ ಎಂದುಕೊಳ್ಳಿ. ನೀವಾದರೆ ಅಡ್ಡ ಬೀಳುತ್ತೀರಿ. ನಾನಾದರೆ ಮೈಸೂರಿನ ಆಸುಪಾಸಿನಲ್ಲೇ ಒಂದು ಕೆಲಸ ಕೇಳುತ್ತೇನೆ. ಅತ್ತೆ ಮಾತ್ರ ಕನ್ನಡಕ ಸರಿಮಾಡಿಕೊಂಡು, "ಪ್ರಪಂಚ ಮಾಡೋಕೆ ಮುಂಚೆ ಪ್ಲ್ಯಾನ್ ಬರೆದಿದ್ರಾ? ಎಲ್ಲಿ, ತೋರಿಸಿ" ಎಂದು ಕೈ ಚಾಚುತ್ತಾಳೆ! ಅವನು ತೋರಿಸಿದನೋ, ಕೆಟ್ಟ. ತುರುಬಿನಿಂದ ಪೆನ್ಸಿಲ್ ಎಳೆದು, "ಸೊಳ್ಳೆ ಯಾತಕ್ಕೆ? ಕಾರಣ ಬರೆದಿಲ್ಲ" ಎಂದು ಅಂಚಿನಲ್ಲಿ ಗೀಚಿ, ಹತ್ತಕ್ಕೆ ನಾಲ್ಕು ಹಾಕಿ, "ಬುಧವಾರದೊಳಗೆ ತಿದ್ದಿ ತನ್ನಿ" ಎಂದು ವಾಪಸು ಕಳಿಸುತ್ತಾಳೆ. ಬುಧವಾರ ಬಂದರೆ ನಾಲ್ಕೂವರೆ ಸಿಗಬಹುದು. ಆರು ತಿಂಗಳು ಅವಳ ಕೈಕೆಳಗೆ ಇದ್ದವಳು ನಾನು, ಅನುಭವದಿಂದ ಹೇಳುತ್ತಿದ್ದೇನೆ.

ಅತ್ತೆ ಎಂದರೆ ನಮ್ಮಪ್ಪನ ಒಡಹುಟ್ಟಿದ ತಂಗಿ, ನನಗೆ ಖಾಸಾ ಸೋದರತ್ತೆ. ಮಾತು ಬಾರದ ಮಕ್ಕಳಿಗೆ, ಮಾತು ತಡೆಯುವ ದೊಡ್ಡವರಿಗೆ ಚಿಕಿತ್ಸೆ ಕೊಡುವ ಸ್ಪೀಚ್ ಥೆರಪಿಸ್ಟ್. ನಾನೂ ಅದನ್ನೇ ಓದಲು ಹೊರಟೆ. ನಾನು ಓದಿದ ಮೈಸೂರಿನ ಕಾಲೇಜಿನವರು ಹುಣಸೂರಿನಲ್ಲಿ ಎರಡು ಕೋಣೆಯ ಒಂದು ಕ್ಲಿನಿಕ್ ಇಟ್ಟಿದ್ದಾರೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಜನ ಅಲ್ಲಿಗೆ ಬರುತ್ತಾರೆ. ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಆರು ತಿಂಗಳು ಅಲ್ಲಿಗೆ ತರಬೇತಿಗೆ ಹಾಕುತ್ತಾರೆ. ಅಲ್ಲಿ ನಮ್ಮ ಕೆಲಸ ನೋಡಿ ಮಾರ್ಕು ಕೊಡುವವಳು ಅತ್ತೆ ಒಬ್ಬಳೇ. "ದಯವಿಟ್ಟು ನನ್ನನ್ನು ಸಂಬಂಧಿಕರ ಕೈಕೆಳಗೆ ಹಾಕಬೇಡಿ" ಎಂದು ಕಾಲೇಜಿಗೆ ಅರ್ಜಿ ಬರೆದುಕೊಟ್ಟವಳು ಸ್ವತಃ ನಾನು! ಪಕ್ಷಪಾತ ಆಗಬಾರದು ಎನ್ನುವ ನನ್ನ ಪ್ರಾಮಾಣಿಕತೆಯನ್ನು ಅವರು ಬಹಳ ಮೆಚ್ಚಿಕೊಂಡರು. ಜಾಗ ಮಾತ್ರ ಬದಲಾಯಿಸಲಿಲ್ಲ.

ಊರಿನಲ್ಲಿ ಅಮ್ಮನಿಗೆ ಹಿಗ್ಗೋ ಹಿಗ್ಗು. "ನಿಂಗೇನ್ ಕಣೆ ಚಿಂತೆ? ನಿಮ್ಮತ್ತೆನೇ ಮೇಡಮ್ಮು. ಕೂತ್ಕಂಡ್ರೂ ಮಾರ್ಕು, ಎದ್ರೂ ಮಾರ್ಕು!" ಎಂದಳು. ಪಾಪ, ಅಮ್ಮನಿಗೆ ನಾದಿನಿಯ ಬಗ್ಗೆ ಇಪ್ಪತ್ತೈದು ವರ್ಷದಲ್ಲಿ ಏನೂ ತಿಳಿದಿರಲಿಲ್ಲ.

ಆರು ತಿಂಗಳು ಅತ್ತೆಯ ಮನೆಯಲ್ಲೇ ವಾಸ. ಮೊದಲ ದಿನವೇ ಕಾನೂನು ಜಾರಿಯಾಯಿತು. ಮನೆಯಲ್ಲಿ ಅವಳು "ಅತ್ತೆ, ನೀನು." ಕ್ಲಿನಿಕ್ಕಿನ ಹೊಸ್ತಿಲು ದಾಟಿದರೆ "ಮೇಡಂ, ನೀವು." ಅವಳಿಗೂ ಅದೇ ಕಾನೂನು. ಎಂಟೂವರೆಗೆ "ಇನ್ನೊಂದು ರೊಟ್ಟಿ ಹಾಕ್ಕೊಳೇ, ಕಡ್ಡಿ ಆಗಿದ್ದೀಯ" ಎಂದು ತಟ್ಟೆಗೆ ತುಪ್ಪ ಸುರಿದವಳು, ಒಂಬತ್ತೂಕಾಲಿಗೆ, "ನಿಮ್ಮ ಎರಡನೇ ಪುಟ ಓದಿ ನನಗೆ ಬೇಸರವಾಯಿತು" ಎನ್ನುತ್ತಿದ್ದಳು. ತಿಂದ ತುಪ್ಪ ಹೊಟ್ಟೆಯಲ್ಲೇ ಗಟ್ಟಿಯಾಗುತ್ತಿತ್ತು.

ಈ ಪ್ಲ್ಯಾನ್ ಎಂದರೇನು ಎಂದು ನೀವು ಕೇಳಬೇಕು. ಒಬ್ಬರನ್ನು ಪರೀಕ್ಷೆ ಮಾಡುವ ಮೊದಲು ವಿದ್ಯಾರ್ಥಿಯಾದವನು ನಾಲ್ಕು ಪುಟ ಬರೆಯಬೇಕು. ಬರುವವರು ಯಾರು, ತೊಂದರೆ ಏನಿರಬಹುದು, ಯಾವ ಪ್ರಶ್ನೆ ಕೇಳುತ್ತೀರಿ, ಯಾವ ಆಟದ ಸಾಮಾನು ಇಡುತ್ತೀರಿ, ಯಾವುದಕ್ಕೆ ಎಷ್ಟು ನಿಮಿಷ, ಹಾಗೆ ಯಾಕೆ. ಇದನ್ನು ಮೇಡಂ ನೋಡಿ ಹತ್ತಕ್ಕೆ ಮಾರ್ಕು ಕೊಡುತ್ತಾರೆ. ಆರು ಬಂದರೆ ಪರೀಕ್ಷೆಯ ಕೋಣೆಗೆ ಪ್ರವೇಶ. ಬರಲಿಲ್ಲವೋ, ಪಕ್ಕದ ಕೋಣೆಯಲ್ಲಿ, ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ನಿಂತು, ನಿಮ್ಮ ಕೇಸನ್ನು ಇನ್ನೊಬ್ಬರು ನೋಡುವುದನ್ನು ನೀವು ನೋಡಬೇಕು. ಇಷ್ಟು ಮಕ್ಕಳು, ಇಷ್ಟು ದೊಡ್ಡವರು ಎಂದು ಲೆಕ್ಕ ತುಂಬದಿದ್ದರೆ ಆರು ತಿಂಗಳನ್ನು ಮತ್ತೆ ಮೊದಲಿನಿಂದ ಮಾಡಬೇಕು. ಅಂದರೆ ಮತ್ತೆ ಅತ್ತೆ, ಮತ್ತೆ ರೊಟ್ಟಿ, ಮತ್ತೆ ಎರಡನೇ ಪುಟ!

ವಿದ್ಯಾರ್ಥಿ ಕುಲ ಬುದ್ಧಿವಂತ ಕುಲ. ನಮ್ಮ ಕಾಲೇಜಿನಲ್ಲಿ ಹಿರಿಯರಿಂದ ಕಿರಿಯರಿಗೆ ಇಳಿದು ಬಂದ ಒಂದು ಪಿ.ಡಿ.ಎಫ್. ಇತ್ತು. ಅದನ್ನು ಮೊದಲು ಬರೆದ ಪುಣ್ಯಾತ್ಮರು ಯಾರೋ, ಈಗ ಮೊಮ್ಮಕ್ಕಳನ್ನು ಕಂಡಿರಬೇಕು. ಹೆಸರು, ವಯಸ್ಸು ಬದಲಾಯಿಸಿದರೆ ಪ್ಲ್ಯಾನ್ ಸಿದ್ಧ. ನನ್ನ ಗೆಳತಿಯೊಬ್ಬಳು ಪಾರ್ಶ್ವವಾಯು ಹೊಡೆದ ಅರವತ್ತೆಂಟು ವರ್ಷದ ಅಜ್ಜನೊಬ್ಬನಿಗೆ ಹೀಗೇ ಪ್ಲ್ಯಾನ್ ಮಾಡಿದಳು. ಹೆಸರು ಬದಲಾಯಿಸಿದಳು, ವಯಸ್ಸು ಬದಲಾಯಿಸಿದಳು, ಮೂರನೇ ಪುಟ ಮರೆತಳು. ಅಲ್ಲಿ, "ಗೊಂಬೆಗೆ ಸ್ನಾನ ಮಾಡಿಸುವ ಆಟದಿಂದ ವಿಶ್ವಾಸ ಗಳಿಸುವುದು. ಅತ್ತರೆ ತಾಯಿಯ ತೊಡೆಯ ಮೇಲೆ ಕೂರಿಸುವುದು" ಎಂದಿತ್ತು. ಅತ್ತೆ ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದಳು: "ಅಜ್ಜನ ತಾಯಿಯನ್ನು ಎಲ್ಲಿಂದ ಕರೆಸುತ್ತೀರಿ? ಖರ್ಚು ಯಾರದು?"

ಅತ್ತೆ ಬರೆಯುವುದು ಪೆನ್ಸಿಲ್ಲಿನಲ್ಲಿ. ಮಾರ್ಕು ಕೂಡ ಪೆನ್ಸಿಲ್ಲಿನಲ್ಲೇ. "ಪ್ಲ್ಯಾನ್ ಅಂದ್ರೇನೇ ಅಳಿಸೋ ಪದಾರ್ಥ" ಎನ್ನುವುದು ಅವಳ ಸಿದ್ಧಾಂತ. ಒಳಗೆ ಹೋಗುವಾಗ ಏಳು ಇದ್ದದ್ದು ಹೊರಗೆ ಬರುವಷ್ಟರಲ್ಲಿ ಐದಾಗಿರುತ್ತಿತ್ತು. ಒಂದು ಪೆನ್ಸಿಲ್ ತುರುಬಿಗೆ ಸಿಕ್ಕಿಸಿ, ಮರೆತು, ಇನ್ನೊಂದು ಸಿಕ್ಕಿಸಿ, ಅದನ್ನೂ ಮರೆತು, "ಯಾರು ನನ್ನ ಪೆನ್ಸಿಲ್ ತಗೊಂಡಿದ್ದು?" ಎಂದು ಕ್ಲಿನಿಕ್ ಜಾಲಾಡುವಳು. ಮೂರು ಪೆನ್ಸಿಲ್ ತಲೆಯಲ್ಲಿಟ್ಟುಕೊಂಡು ನಮ್ಮ ಚೀಲಗಳನ್ನು ತಪಾಸಣೆ ಮಾಡಿದ ದಿನವೂ ಉಂಟು. ಹೇಳುವ ಧೈರ್ಯ ಯಾರಿಗಿತ್ತು?

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ನಾಲ್ಕನೇ ಪುಟದ ಕೊನೆಯಲ್ಲಿ ಅವಳು ಸ್ಕೇಲಿಟ್ಟು ಎಳೆಯುತ್ತಿದ್ದ ಒಂದು ಚೌಕ. ಕಾಲೇಜಿನ ಫಾರಮ್ಮಿನಲ್ಲಿ ಅಂಥದ್ದು ಇಲ್ಲವೇ ಇಲ್ಲ. ಅದರ ತಲೆಯ ಮೇಲೆ ಬರೆದಿರುತ್ತಿತ್ತು: ನನಗೆ ಗೊತ್ತಿಲ್ಲದ್ದು. ಹತ್ತರಲ್ಲಿ ನಾಲ್ಕು ಮಾರ್ಕು ಆ ಚೌಕಕ್ಕೆ! ಹದಿನಾರು ವರ್ಷ ಓದಿ, ಗೊತ್ತಿಲ್ಲ ಎಂದು ಯಾರಿಗೂ ಗೊತ್ತಾಗದ ಹಾಗೆ ಬರೆಯುವುದನ್ನೇ ಕಲಿತವರು ನಾವು. ನಮಗೆ ಇಂಥ ಶಿಕ್ಷೆಯೇ?

ನನ್ನ ಮೊದಲ ಪ್ಲ್ಯಾನಿನಲ್ಲಿ ಆ ಚೌಕದೊಳಗೆ "ಏನೂ ಇಲ್ಲ" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ.

"ಭೇಷ್" ಎಂದಳು ಅತ್ತೆ. "ಬರೋ ಮಗು ಬಗ್ಗೆ ನಿಮಗೆ ಎಲ್ಲಾ ಗೊತ್ತು."

"ಓದ್ಕೊಂಡಿದ್ದೀನಿ ಮೇಡಂ."

"ಹಾಗಾದ್ರೆ ಆ ತಾಯಿ ಪಿರಿಯಾಪಟ್ಟಣದಿಂದ ಎರಡು ಬಸ್ಸು ಬದಲಾಯಿಸಿ ಯಾಕೆ ಬರ್ಬೇಕು? ಫೋನ್ ಮಾಡಿ ಹೇಳ್ಬಿಡಿ, ಪಾಪ."

ಹತ್ತಕ್ಕೆ ಎರಡು. ಗೆಳತಿ ನನ್ನ ಗತಿ ನೋಡಿ ಹೆದರಿ, ತನ್ನ ಚೌಕದಲ್ಲಿ "ದೇವರಿಗೇ ಗೊತ್ತು" ಎಂದು ಭಕ್ತಿಯಿಂದ ಬರೆದಳು. ಅದಕ್ಕೆ ಅರ್ಧ ಮಾರ್ಕು ಸಿಕ್ಕಿತು. ಪಕ್ಕದಲ್ಲಿ "ಅವರನ್ನು ಭೇಟಿಯಾಗುವ ಸಮಯ ನಮೂದಿಸಿ" ಎಂಬ ಟಿಪ್ಪಣಿಯೂ ಇತ್ತು. ಸರಿ, ಗೊತ್ತಿಲ್ಲದ್ದು ತಾನೇ ಬೇಕು ಎಂದು ನಾನು ಮುಂದಿನ ಸಲ ಧಾರಾಳವಾದೆ. ಮಗುವಿನ ಅಜ್ಜಿಯ ಊರು ಗೊತ್ತಿಲ್ಲ, ಮನೆಯ ದಿಕ್ಕು ಗೊತ್ತಿಲ್ಲ, ಮಗುವಿಗೆ ಹಾಗಲಕಾಯಿ ಸೇರುತ್ತದೋ ಇಲ್ಲವೋ ಗೊತ್ತಿಲ್ಲ, ಹೀಗೆ ಒಂದೂವರೆ ಪುಟ ಅಜ್ಞಾನ ಸುರಿದೆ.

"ಇದೇನು ತಿಪ್ಪೆಗುಂಡಿ ಅಂದ್ಕೊಂಡ್ರಾ?" ಎಂದಳು ಅತ್ತೆ. "ನಿಮಗೆ ಗೊತ್ತಿಲ್ಲದ್ದು ಕೋಟಿ ಇದೆ, ನಾನೂ ಬಲ್ಲೆ. ಗೊತ್ತಾಗದಿದ್ರೆ ಆ ಮಗು ಕೈಬಿಟ್ಟು ಹೋಗೋದು ಯಾವುದು ಅಂತ ಬರೀರಿ. ಒಂದೇ ಸಾಲು ಸಾಕು."

ಈ ಚೌಕದ ಸುದ್ದಿ ಮೈಸೂರಿಗೂ ಮುಟ್ಟಿತು. ಒಂದು ದಿನ ಇಬ್ಬರು ಗಣ್ಯರು ಕಾಗದಪತ್ರ ತಪಾಸಣೆಗೆ ಕಾರಿನಲ್ಲಿ ಬಂದರು. ಕೇಸು ನೋಡಲಿಲ್ಲ, ಮಕ್ಕಳನ್ನು ನೋಡಲಿಲ್ಲ. ಫೈಲು ನೋಡಿದರು, ಫೈಲಿನ ಬಣ್ಣ ನೋಡಿದರು, ಪುಟದ ಸಂಖ್ಯೆ ಬಲಗಡೆ ಇದೆಯೋ ಎಡಗಡೆಯೋ ಎಂದು ತಮ್ಮತಮ್ಮಲ್ಲೇ ಚರ್ಚೆ ಮಾಡಿದರು. ಆಮೇಲೆ ಹಿರಿಯ ಗಣ್ಯರು ಗಂಟಲು ಸರಿಮಾಡಿಕೊಂಡು, "ಮೇಡಂ, ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ ಅನ್ನೋದಕ್ಕೆ ಲಿಖಿತ ದಾಖಲೆ ಇರೋದು ಸಂಸ್ಥೆಯ ಗೌರವಕ್ಕೆ ಒಳ್ಳೇದಲ್ಲ. ಈ ಚೌಕ ತೆಗೆದುಬಿಡಿ" ಎಂದರು.

ಅತ್ತೆ ವಿನಯದಿಂದ ಎದ್ದು ನಿಂತಳು. "ಆಗ್ಲಿ ಸರ್. ಇವತ್ತಿನ ತಪಾಸಣೆಗೆ ನೀವು ಬರೆದುಕೊಂಡು ಬಂದ ಪ್ಲ್ಯಾನ್ ಒಂಚೂರು ತೋರಿಸ್ತೀರಾ? ಫೈಲಿಗೆ ಸೇರಿಸ್ತೀನಿ."

ಕಿರಿಯ ಗಣ್ಯರು ಜೇಬು ತಡಕಿದರು. ಕೊನೆಗೆ ಇಬ್ಬರೂ ಟೀ ಬಿಸ್ಕತ್ತು ಮುಗಿಸಿ, ಮಡಿಕೇರಿ ಕಡೆ ಮಳೆ ಹೇಗಿದೆಯಂತೆ ಎಂದು ವಿಚಾರಿಸಿ, ಕಾರು ಹತ್ತಿದರು. ಚೌಕ ಉಳಿಯಿತು.

ಇನ್ನು ಮೇಕೆಯ ಪ್ರಕರಣ. ಅದನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ಪಿರಿಯಾಪಟ್ಟಣದ ಆ ತಾಯಿ ನಾಲ್ಕು ವರ್ಷದ ಮಗನನ್ನು ಕರೆತಂದಳು. ದೂರು ಏನೆಂದರೆ ಹುಡುಗ ಅಂಗನವಾಡಿಯಲ್ಲಿ ತುಟಿ ಬಿಚ್ಚುವುದಿಲ್ಲ. ಏಳು ಸಲ ತಿದ್ದಿ ಬರೆದ ನನ್ನ ಪ್ಲ್ಯಾನಿಗೆ ಕೊನೆಗೂ ಆರು ಸಿಕ್ಕಿತ್ತು. ಒಳಗೆ ಹೋದೆ. ನಲವತ್ತು ನಿಮಿಷ ಗೊಂಬೆ, ಚೆಂಡು, ಬಲೂನು, ನನ್ನ ಕೋತಿ ಮುಖ ಎಲ್ಲವನ್ನೂ ತೋರಿಸಿದೆ. ಹುಡುಗ ನನ್ನನ್ನು ಕನಿಕರದಿಂದ ನೋಡಿದನೇ ಹೊರತು ಒಂದು ಅಕ್ಷರ ಆಡಲಿಲ್ಲ. ಬೆವರು ಒರೆಸಿಕೊಂಡು ಹೊರಗೆ ಬಂದಾಗ ಅತ್ತೆ ಆ ತಾಯಿಯನ್ನು ಒಂದೇ ಪ್ರಶ್ನೆ ಕೇಳಿದಳು.

"ಇವನು ಯಾರ ಜೊತೆ ಮಾತಾಡ್ತಾನವ್ವ?"

"ಮ್ಯಾಕೆ ಜೊತೇಲಿ ಕಣ್ರವ್ವ. ವೊತ್ತಾರೆಯಿಂದ ಬೈಗಿನ್ ಗಂಟ ಅದ್ರ ಜೊತೇಲೇ ವಟವಟ ಅಂತಾನೆ. ನೀವು ಅದ್ನ ಕೇಳ್ನೇ ಇಲ್ವಲ್ಲ!"

ಆರು ಅಳಿಸಿ ಮೂರಾಯಿತು. ಮುಂದಿನ ವಾರ ಮೇಕೆ ಗೂಡ್ಸ್ ಆಟೋದಲ್ಲಿ ಹುಣಸೂರಿಗೆ ಬಂತು. ಪ್ಲ್ಯಾನಿನ "ಸಾಮಗ್ರಿ" ಎಂಬಲ್ಲಿ "ಮೇಕೆ: ಒಂದು" ಎಂದು ನಾನೇ ಕೈಯಾರೆ ಬರೆದೆ. ಹದಿನಾರು ವರ್ಷದ ವಿದ್ಯಾಭ್ಯಾಸ ಇಲ್ಲಿಗೆ ಬಂದು ನಿಂತಿತ್ತು! ಆದರೆ ಮೇಕೆಗೆ ಸೊಪ್ಪು ಬರೆಯುವುದನ್ನು ಮರೆತೆ. ಒಳಗೆ ಹೋಗಿ ಐದು ನಿಮಿಷವಾಗಿಲ್ಲ, ಮೇಕೆ ನನ್ನ ಮಡಿಲಿನಿಂದ ಪ್ಲ್ಯಾನಿನ ಮೂರನೇ ಪುಟ ಎಳೆದು ಅಗಿಯತೊಡಗಿತು. ಆಗ ಹುಡುಗ ಎದ್ದು ನಿಂತು, ಅದರ ಕಿವಿ ಹಿಡಿದು, ಗದರಿಸಿದ:

"ಏಯ್, ಪೇಪರ್ ತಿನ್‌ಬ್ಯಾಡ ಕಣೆ! ಆ ಅಕ್ಕಂಗೆ ಮೇಡಮ್ಮು ಬೈತಾರೆ!"

ಪೂರ್ತಿ ಎರಡು ವಾಕ್ಯ! ಗಾಜಿನ ಹಿಂದಿನಿಂದ ಅತ್ತೆ ಚಪ್ಪಾಳೆ ತಟ್ಟಿದ್ದು ನನಗೆ ಕೇಳಿಸಿತು. ಹುಡುಗನಿಗೆ ಮಾತು ಚೆನ್ನಾಗಿಯೇ ಇತ್ತು, ಹೊಸಬರ ಮುಂದೆ ಮಾತ್ರ ಹೊರಡುತ್ತಿರಲಿಲ್ಲ. ಅವನ ದಾರಿ ಅಂದಿನಿಂದ ಸುಲಭವಾಯಿತು. ನನಗೆ ಸೊಪ್ಪು ಮರೆತದ್ದಕ್ಕೆ ಒಂದು ಮಾರ್ಕು ಹೋಯಿತು.

ಆ ಶನಿವಾರ ಊರಿಗೆ ಹೋಗಿ ಮೇಕೆಯ ಕಥೆಯನ್ನು ಅಭಿನಯ ಸಮೇತ ಹೇಳಿದೆ. ನಮ್ಮೂರು ಹಂಪಾಪುರದ ಹತ್ತಿರ. ಅಮ್ಮ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಪ್ಪನೂ ನಕ್ಕ.

ಅಪ್ಪನನ್ನು ಪರಿಚಯಿಸುವುದು ಮರೆತೆ ನೋಡಿ. ಎಲ್ಲರೂ ಮರೆಯುತ್ತಾರೆ. ಮಾತು ಕಡಿಮೆ, ಇದ್ದರೂ ಇಲ್ಲದ ಹಾಗೆ. ಆದರೆ ವಿಚಿತ್ರದಲ್ಲಿ ತಂಗಿಗೆ ಏನೂ ಕಮ್ಮಿಯಿಲ್ಲ. ಮನೆಯಲ್ಲಿ ದಿನಕ್ಕೆ ನಾಲ್ಕು ಲೋಟ ಕಾಫಿ ಬೇಕು, ಹೋಟೆಲಿನಲ್ಲಿ ಮಾತ್ರ ಟೀ ಕುಡಿಯುತ್ತಾನೆ, ಅದೂ ಮುಖ ಸಿಂಡರಿಸಿಕೊಂಡು. ಎಚ್.ಡಿ. ಕೋಟೆಗೆ (ನಮ್ಮ ಬಾಯಲ್ಲಿ ಬರೀ ಕೋಟೆ) ಹೋಗಬೇಕಾದರೆ ಬಸ್ಸಿನಲ್ಲಿ ಅದಕ್ಕೂ ಮುಂಚಿನ ಸ್ಟಾಪು ಹ್ಯಾಂಡ್‌ಪೋಸ್ಟಿಗೆ ಟಿಕೆಟ್ ತೆಗೆದುಕೊಂಡು, ಅಲ್ಲಿಂದ ಕೋಟೆಗೆ ನಡೆದೇ ಹೋಗುತ್ತಾನೆ. ಕೇಳಿದರೆ, "ನಡುದ್ರೆ ಮೈಗೊಳ್ಳೇದು" ಎನ್ನುತ್ತಾನೆ. ದಿನವಿಡೀ ಹೊಲದಲ್ಲಿ ನಡೆಯುವವನಿಗೆ ಇದೆಂಥ ವಾಯುವಿಹಾರ! ನನಗೆ ಮಿಸ್ ಕಾಲ್ ಕೊಡುತ್ತಾನೆ, ನಾನು ಮಾಡಿದರೆ "ಊಂ, ಊಂ" ಎನ್ನುತ್ತಾನೆ. ಮನೆಗೆ ನೆಂಟರು ಬಂದರೆ ದನಕ್ಕೆ ನೀರು ತೋರಿಸಲು ಎದ್ದು ಹೋಗುತ್ತಾನೆ. ನಮ್ಮ ದನಗಳಷ್ಟು ನೀರು ಕುಡಿದ ದನ ತಾಲ್ಲೂಕಿನಲ್ಲಿ ಬೇರೆ ಇರಲಾರವು.

ಮೇಕೆಯ ಕಥೆ ಕೇಳಿ ನಕ್ಕ ಅಪ್ಪ ಸ್ವಲ್ಪ ಹೊತ್ತಿನ ಮೇಲೆ ಕೇಳಿದ, "ಆ ಮ್ಯಾಕೆ ಐದ ಮಾತಾಡ್ನಿಲ್ಲ ಅಂತ ಅವುನ್ಗೆ ಯಾರೂ ಬೈನಿಲ್ವಾ, ಅಮ್ಮಣ್ಣಿ?"

"ಇಲ್ಲಪ್ಪ."

"ನಗ್ನೂ ಇಲ್ವಾ?"

"ಯಾಕೆ ನಗ್ತೀವಿ? ಕಾಯ್ತೀವಿ ಅಷ್ಟೆ."

"ಎಷ್ಟೊತ್ತು?"

"ಎಷ್ಟೊತ್ತಾದ್ರೂ."

ಅಪ್ಪ "ಊಂ" ಎಂದು ದನಕ್ಕೆ ನೀರು ತೋರಿಸಲು ಹೋದ. ನಾನು ಅದನ್ನು ಅಲ್ಲಿಗೇ ಮರೆತೆ.

ತರಬೇತಿ ಮುಗಿಯಲು ಎರಡು ವಾರ ಉಳಿದಿತ್ತು. ಮಕ್ಕಳ ಲೆಕ್ಕ ತುಂಬಿತ್ತು, ದೊಡ್ಡವರದು ಒಂದು ಬಾಕಿ. ಅದೊಂದು ಆಗದಿದ್ದರೆ ಇನ್ನೂ ಆರು ತಿಂಗಳು. ನಾನು ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಗಂಟಲು ಕೆರೆದರೂ ಆಸೆಯಿಂದ ತಿರುಗಿ ನೋಡುವ ಸ್ಥಿತಿಗೆ ಬಂದಿದ್ದೆ. ಆಗ ಅತ್ತೆ ಒಂದು ಚೀಟಿ ಕೊಟ್ಟಳು. "ಗಂಡಸು, ವಯಸ್ಸು ಐವತ್ತೊಂದು. ಬೇಸಾಯ. ಊರು ಹಂಪಾಪುರದ ಹತ್ತಿರ. ಮಗಳು ಒಬ್ಬಳು. ದೂರು: ಏನೂ ಇಲ್ಲ."

"ಅತ್ತೆ, ಇದು ಅಪ್ಪ!"

"ಮೇಡಂ."

"ಮೇಡಂ, ಇದು ಅಪ್ಪ!"

"ನನಗೆ ಗೊತ್ತು. ನಿಮಗೆ ಅವರು ಗೊತ್ತಾ? ಬರೆದು ತನ್ನಿ."

ಕೇಸು ಸಿಗಲಿಲ್ಲವೆಂದು ಅತ್ತೆ ಒಳಗೊಳಗೇ ನನಗೆ ಸಹಾಯ ಮಾಡುತ್ತಿದ್ದಾಳೆ, ಕೊನೆಗೂ ರಕ್ತ ಸಂಬಂಧ ಗೆದ್ದಿತು ಎಂದುಕೊಂಡೆ. ಇಪ್ಪತ್ತೆರಡು ವರ್ಷ ಕಂಡ ಅಪ್ಪ! ಇದಕ್ಕಿಂತ ಸುಲಭದ ಪ್ಲ್ಯಾನ್ ಉಂಟೇ? ಫೋನಿನಲ್ಲಿ ಬರೀ "ಊಂ" ಎನ್ನುತ್ತಾನಲ್ಲ, ಕಿವಿಯ ತೊಂದರೆ ಎಂದು ತೀರ್ಮಾನಿಸಿ ನಾಲ್ಕು ಪುಟ ಬರೆದೆ. ಹತ್ತಕ್ಕೆ ಒಂದು. "ಹೊಲದ ಆಚೆ ಬದಿಯಿಂದ ಹಸುವಿನ ಗಂಟೆ ಕೇಳಿಸಿಕೊಳ್ಳೋನಿಗೆ ಕಿವಿ ಪರೀಕ್ಷೆಯಾ?" ಹೋಟೆಲಿನಲ್ಲಿ ಕಾಫಿ ಬಿಟ್ಟು ಟೀ ಹೇಳುತ್ತಾನಲ್ಲ, ಮರೆವು ಶುರುವಾಗಿರಬೇಕು ಎಂದು ಎರಡನೆಯದು ಬರೆದೆ. ಒಂದೂವರೆ. ಸ್ವಭಾವವೇ ಸಂಕೋಚದ್ದು, ತೊಂದರೆಯೇನೂ ಇಲ್ಲ ಎಂದು ಮೂರನೆಯದು. ಅದನ್ನು ಓದಿದ ಅತ್ತೆ ಮಾರ್ಕನ್ನೇ ಹಾಕಲಿಲ್ಲ. ಪೆನ್ಸಿಲ್ಲನ್ನು ಕಾಗದದ ಮೇಲೆ ಇಟ್ಟುಬಿಟ್ಟಳು.

"ಏನಾದ್ರೂ ಬರೀರಿ ಮೇಡಂ. ಸೊನ್ನೆನಾದ್ರೂ ಕೊಡಿ" ಎಂದೆ. ನನಗೆ ರೇಗಿಹೋಗಿತ್ತು.

"ಸೊನ್ನೆ ನಿಮಗೆ ಕೊಡೋ ಹಾಗಿಲ್ಲ. ಅದು ಇನ್ನೊಬ್ಬರದು" ಎಂದಳು.

ನನಗೆ ಅರ್ಥವಾಗಲಿಲ್ಲ. ಸಿಟ್ಟಿನಲ್ಲಿ ಎದ್ದು ಪಕ್ಕದ ಕೋಣೆಗೆ ಹೋದೆ. ಈ ಸಲ ಒಂದನೇ ಪುಟವೂ ಬೇಡ, ಎರಡನೇ ಪುಟವೂ ಬೇಡ ಎಂದು ಆ ಹಾಳು ಚೌಕವನ್ನೇ ಮೊದಲು ಎಳೆದೆ. ಗೊತ್ತಿಲ್ಲದ್ದು ತಾನೇ ಬೇಕು ಇವಳಿಗೆ? ತಗೋ. ಕಾಫಿ ಪ್ರಾಣವಾದವನು ಹೋಟೆಲಿನಲ್ಲಿ ಕಾಫಿ ಯಾಕೆ ಕೇಳುವುದಿಲ್ಲ? ಗೊತ್ತಿಲ್ಲ. ಕೋಟೆಗೆ ಹೋಗುವವನು ಕೋಟೆ ಟಿಕೆಟ್ ಯಾಕೆ ಕೇಳುವುದಿಲ್ಲ? ಗೊತ್ತಿಲ್ಲ. ಫೋನಿನಲ್ಲಿ ಅವನಾಗಿ ಯಾಕೆ ಮಾತು ಶುರು ಮಾಡುವುದಿಲ್ಲ? ಗೊತ್ತಿಲ್ಲ. ಅಷ್ಟು ಬರೆದು ಪೆನ್ನು ನಿಂತಿತು. ಆಮೇಲೆ ಅದಾಗಿಯೇ ಇನ್ನೊಂದು ಸಾಲು ಬರೆಯಿತು. ಅಪ್ಪ ನನ್ನನ್ನು ಯಾವಾಗಲೂ ಅಮ್ಮಣ್ಣಿ ಅನ್ನುತ್ತಾನೆ, ಮಗಾ ಅನ್ನುತ್ತಾನೆ, ಅವ್ವಾ ಅನ್ನುತ್ತಾನೆ. ಹೆಸರು ಹಿಡಿದು ಒಂದು ಸಲವೂ ಕರೆದದ್ದಿಲ್ಲ, ಯಾಕೆ?

ನನ್ನ ಹೆಸರು ಕಪಿಲಾ. ಬೀಚನಹಳ್ಳಿ ಡ್ಯಾಮಿನಲ್ಲಿ ನಿಂತ ಹೊಳೆಯ ಹೆಸರು. ಶಾಲೆಯಲ್ಲಿ ಹುಡುಗರು ಮೊದಲ ಎರಡೇ ಅಕ್ಷರದಿಂದ ಕರೆದು ಅಳಿಸುತ್ತಿದ್ದರು, ಈ ಹೆಸರು ಯಾರು ಇಟ್ಟಿದ್ದು ಎಂದು ಮನೆಗೆ ಬಂದು ಕೂಗಾಡುತ್ತಿದ್ದೆ.

ಕಾಫಿ. ಕೋಟೆ. ಕಪಿಲಾ.

ಉಗ್ಗು ಎಂದರೆ ತಡೆತಡೆದು ಮಾತಾಡುವುದು ಎಂದು ಎಲ್ಲರಿಗೂ ಗೊತ್ತು. ಮಾತೇ ತಡೆಯದ ಉಗ್ಗು ಒಂದಿದೆ. ತಡೆಯುವ ಮಾತು ಬರುವ ಮೊದಲೇ ಪಕ್ಕದ ದಾರಿ ಹಿಡಿದು, ಬೇರೆ ಮಾತು ಹೇಳಿ, ಟೀ ಕುಡಿದು, ನಡೆದು, ದನಕ್ಕೆ ನೀರು ತೋರಿಸಿ, ಬದುಕಿಡೀ ಬಚ್ಚಿಟ್ಟುಕೊಳ್ಳುವುದು. ಮೂರನೇ ವರ್ಷದಲ್ಲಿ ಅದರ ಮೇಲೆ ಹತ್ತು ಮಾರ್ಕಿನ ಪ್ರಶ್ನೆಗೆ ನಾನು ಎಂಟು ತೆಗೆದುಕೊಂಡಿದ್ದೆ. ಅದು ನಮ್ಮನೆಯ ಜಗುಲಿಯ ಮೇಲೆ ಕೂತು ಇಪ್ಪತ್ತೆರಡು ವರ್ಷದಿಂದ ನನ್ನ ಜೊತೆ ಉಣ್ಣುತ್ತಿತ್ತು.

ಕಾಗದ ತಂದು ಅತ್ತೆಯ ಮುಂದಿಟ್ಟೆ. ಅವಳು ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು.

"ಆ ಹೆಸರು ಇಟ್ಟಿದ್ದು ನಾನು ಕಣೆ" ಎಂದಳು. ಕ್ಲಿನಿಕ್ಕಿನ ಒಳಗೆ ಅವಳು ನನ್ನನ್ನು ಹಾಗೆ ಮಾತಾಡಿಸಿದ್ದು ಅದೇ ಮೊದಲು. "ನಾಮಕರಣದ ದಿನ ನಿನ್ನ ಕಿವೀಲಿ ಮೂರು ಸಲ ಹೇಳ್ದೆ. ಆಗ ನಾನು ಇದೇ ಓದ್ತಿದ್ದೆ, ಉಗ್ಗಿನ ಪಾಠ ಪೂರ್ತಿ ಕಂಠಪಾಠ. ಎಲ್ಲಾ ಗೊತ್ತಿದೆ ಅನ್ನೋ ಜಂಬ. ಹೊಳೆ ಹೆಸರು, ಎಷ್ಟು ಚೆನ್ನಾಗಿರತ್ತೆ ಅಂತ ಒಬ್ಳೇ ತೀರ್ಮಾನ ಮಾಡ್ದೆ. ಆಮೇಲೆ ಎಲ್ರೂ ನಿಮ್ಮಪ್ಪನಿಗೆ, ಈಗ ನೀನು ಕೂಗು ಮಗೀನ ಅಂದ್ರು. ಅವನು ತೊಟ್ಟಿಲ ಹತ್ರ ಬಂದ. ಬಾಯಿ ತೆಗೆದ. ನಿಂತ. ದನಕ್ಕೆ ನೀರು ತೋರಿಸ್ಬೇಕು ಅಂದು ಹೊರಟುಹೋದ. ದನ ಆಗ್ಲೇ ಕುಡಿದಿತ್ತು ಕಣೆ. ನಾನೇ ಕುಡಿಸಿದ್ದೆ."

ನಾನು ಅವಳ ಎದುರು ಕುರ್ಚಿ ಎಳೆದುಕೊಂಡು ಕೂತೆ.

"ಒಂದೇ ಮನೇಲಿ ಹದಿನೆಂಟು ವರ್ಷ ಜೊತೇಲಿ ಬೆಳೆದೋಳು. ಅವನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಕ್ಕೆ ಇಳಿದಿದ್ದು ಓದು ಹತ್ತದೆ ಅಂದ್ಕೊಂಡಿದ್ದೆ. ಎದ್ದು ನಿಂತು ಪಾಠ ಓದು ಅಂತಿದ್ರಲ್ಲ, ಅದಕ್ಕೆ ಬಿಟ್ಟಿದ್ದು. ಆಮೇಲೆ ನನ್ನ ಓದಿಸಿದ್ದೂ ಅವನೇ. ನಾಮಕರಣದ ದಿನ ಹಿಂದೇನೇ ಹೋಗಿ ಕೇಳಿದ್ದಕ್ಕೆ, ಯಾರ್ಗೂ ಹೇಳ್ಬ್ಯಾಡ ಅಂದ. ಹೇಳ್ಲಿಲ್ಲ. ಹೋದ ತಿಂಗಳು ಅವನೇ ಫೋನ್ ಮಾಡ್ದ. ಮಿಸ್ ಕಾಲ್ ಅಲ್ಲ, ಫೋನು. ಮ್ಯಾಕೆ ಐದಂಗೆ ಬೈನಿಲ್ವಂತೆ, ನಿಜವಾ ಅಂತ ಕೇಳ್ದ."

ಆ ಸೊನ್ನೆ ಅವಳು ತನಗೇ ಕೊಟ್ಟುಕೊಂಡದ್ದೆಂದು ನನಗೆ ಆಗ ಅರ್ಥವಾಯಿತು. ಆ ಚೌಕ ಎಲ್ಲಿಂದ ಬಂತು ಎನ್ನುವುದೂ.

ಅತ್ತೆ ಮೂಗು ಒರೆಸಿಕೊಂಡು ತುರುಬು ತಡಕಿದಳು. ಮೊದಲನೇ ಸಲಕ್ಕೇ ಪೆನ್ಸಿಲ್ ಸಿಕ್ಕಿತು. "ಮಿಕ್ಕ ಮೂರು ಪುಟ ಎಲ್ಲಿ? ಸಾಮಗ್ರಿ ಬರೆದಿಲ್ಲ. ಸಮಯ ಬರೆದಿಲ್ಲ. ಬರೆದು ತನ್ನಿ" ಎಂದಳು.

ಮಂಗಳವಾರ ಹತ್ತು ಗಂಟೆಗೆ ಅಪ್ಪ ಬಂದ. ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕಿಕೊಂಡು, ಕೈಯಲ್ಲಿ ಅಮ್ಮ ಕಳಿಸಿದ ಕಜ್ಜಾಯದ ಡಬ್ಬಿ ಹಿಡಿದು, ಮಕ್ಕಳ ಪುಟ್ಟ ಕುರ್ಚಿಗಳ ನಡುವೆ ಎಲ್ಲಿ ಕೂರುವುದೆಂದು ತಿಳಿಯದೆ ನಿಂತಿದ್ದ. ನನ್ನ ಪ್ಲ್ಯಾನಿನಲ್ಲಿ "ಸಾಮಗ್ರಿ: ಕಾಫಿ, ಎರಡು ಲೋಟ" ಎಂದಿತ್ತು. "ವಿಧಾನ: ಕಾಯುವುದು. ಅವರ ಮಾತನ್ನು ನಾನು ಪೂರ್ತಿ ಮಾಡಬಾರದು" ಎಂದಿತ್ತು. ಅತ್ತೆ ಅದಕ್ಕೆ ಸರಿಯಾಗಿ ಆರು ಕೊಟ್ಟು, ಗಾಜಿನ ಹಿಂದೆ ಹೋಗಿ ಕೂತಿದ್ದಳು.

"ಏನ್ ಏಳ್ಬೇಕು ನಾನು?" ಎಂದ ಅಪ್ಪ.

"ಏನಾದ್ರೂ ಹೇಳಪ್ಪ. ಇಲ್ಲಿ ಯಾರೂ ಬೈಯಲ್ಲ."

ಅಪ್ಪ ಕಾಫಿ ಗುಟುಕರಿಸಿದ. ಹ್ಯಾಂಡ್‌ಪೋಸ್ಟಿನ ವಿಷಯ ಹೇಳಿದ. ಒಂದು ಸಲ ಕಂಡಕ್ಟರ್ ಎಲ್ಲಿಗೆ ಎಂದಾಗ ಮಾತು ಗಂಟಲಲ್ಲೇ ನಿಂತು, ಬಸ್ಸಿಗೆ ಬಸ್ಸೇ ತಿರುಗಿ ನೋಡಿತಂತೆ. "ಆಂಡ್‌ಪೋಸ್ಟ್ ಅನ್ನಾಕೆ ಸಲೀಸು, ಅಮ್ಮಣ್ಣಿ. ಇಳ್ದು ನಡ್ಕಂಡೋದ್ರಾಯ್ತು" ಎಂದು ನಕ್ಕ. ನಾನೂ ನಕ್ಕೆ, ನಗಬೇಕೋ ಬೇಡವೋ ತಿಳಿಯದೆ. ಆಮೇಲೆ ಅವನು ಲೋಟ ಕೆಳಗಿಟ್ಟು, ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ನನ್ನ ಮುಖ ನೋಡಿದ.

"ಕ..." ಎಂದ. ನಿಂತಿತು. ದವಡೆ ಬಿಗಿಯಿತು, ಕುತ್ತಿಗೆಯ ನರ ಎದ್ದಿತು, ಕಣ್ಣು ಮುಚ್ಚಿಕೊಂಡ. ನಾನೇ ಹೇಳಿಬಿಡೋಣ, ಮುಗಿದುಹೋಗಲಿ ಎನಿಸಿತು. ಎದ್ದು ಅವನ ಬಾಯಿ ಮುಚ್ಚಿ, ಬೇಡಪ್ಪ, ಅಮ್ಮಣ್ಣಿ ಅಂತಲೇ ಕರಿ ಎನ್ನೋಣ ಎನಿಸಿತು. ಪ್ಲ್ಯಾನಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತೆ. ಹೊರಗೆ ಯಾವುದೋ ಬಸ್ಸು ಹಾರ್ನ್ ಮಾಡಿ ಹೋಯಿತು. "ಕ... ಕ..." ಅಪ್ಪ ಈ ಸಲ ಎದ್ದು ಹೋಗಲಿಲ್ಲ. "ಕ...ಪ್... ಪಿಲಾ" ಎಂದ.

ನಾನು ಅತ್ತುಬಿಟ್ಟೆ. ಪರೀಕ್ಷೆ ಮಾಡುವವರು ಅಳಬಾರದು ಎಂದು ಎರಡನೇ ಪುಟದಲ್ಲಿ ನಾನೇ ಬರೆದಿದ್ದೆ.

ಬಾಗಿಲು ತೆರೆದು ಅತ್ತೆ ಒಳಗೆ ಬಂದಳು. ಅವಳ ಕಣ್ಣು, ಮೂಗು ಎರಡೂ ಕೆಂಪಗಿದ್ದವು. "ಎಷ್ಟು ಸೆಕೆಂಡು?" ಎಂದಳು.

"ಏನು?"

"ಹೆಸರು ಹೇಳೋಕೆ ಎಷ್ಟು ಸೆಕೆಂಡು ತಗೊಂಡ್ರು? ಸ್ಟಾಪ್‌ವಾಚ್ ಯಾಕೆ ಕೊಟ್ಟಿದ್ದು ನಿಮಗೆ?"

"ನೋಡ್ಲಿಲ್ಲ ಅತ್ತೆ."

ಅವಳು "ಮೇಡಂ" ಎಂದು ತಿದ್ದಲಿಲ್ಲ. ನನ್ನ ಕೈಯಿಂದ ಮುದುರಿಹೋದ ಕಾಗದ ತೆಗೆದುಕೊಂಡು, ಆರನ್ನು ಅಳಿಸಿ, ಒಂಬತ್ತು ಎಂದು ಬರೆದಳು. "ಟೈಮ್ ನೋಡದಿದ್ದಕ್ಕೆ ಒಂದು ಮಾರ್ಕು ಕಟ್" ಎಂದಳು. ನಾನು ಪಾಸಾಗಿದ್ದೆ. ಅದು ಅರಿವಿಗೆ ಬಂದದ್ದು ಸಾಯಂಕಾಲ.

ಆಮೇಲೆ ಅವಳು ಅಣ್ಣನ ಕಡೆ ತಿರುಗಿದಳು. ಅವಳ ಅಷ್ಟು ಸಣ್ಣ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. "ತಪ್ಪಾಯ್ತು ಕಣಣ್ಣ. ಅವತ್ತು ನಿನ್ನ ಒಂದು ಮಾತು ಕೇಳ್ಬೇಕಿತ್ತು. ಸುಲಭದ ಹೆಸರು ಇಡ್ಬೇಕಿತ್ತು."

ಅಪ್ಪ ತಲೆಯಾಡಿಸಿದ. "ಬುಡವ್ವ. ಎಸ್ರು ಸಂದಾಗದೆ" ಎಂದ. ಕಜ್ಜಾಯದ ಡಬ್ಬಿಯನ್ನು ಅವಳ ಕಡೆ ತಳ್ಳಿ, ನನ್ನನ್ನು ನೋಡಿ, "ಇನ್ನೊಂದ್ ದಪ ಏಳ್ಲಾ?" ಎಂದು ಕೇಳಿದ.

ಈ ಸಲ ನಾನು ಸ್ಟಾಪ್‌ವಾಚ್ ಒತ್ತಿದೆ. ಹನ್ನೊಂದು ಸೆಕೆಂಡು. ನನ್ನ ಹೆಸರು ಅಷ್ಟು ಉದ್ದವಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.